ಫೋನ್ ಕೈಲೇ ಇದ್ದರೂ ಮಗಳು ಕರೆ ಎತ್ತಲ್ಲ, ಮೆಸೇಜ್ ಮಾತ್ರ ಹಾಕ್ತಾಳೆ. ಯಾಕೆ?

ಪ್ರಶ್ನೆ: "ಮಗಳು ಮೈಸೂರಲ್ಲಿ ಕೆಲಸದಲ್ಲಿದ್ದಾಳೆ. ನಾನು ಮಂಡ್ಯದ ಹತ್ತಿರದ ಹಳ್ಳಿಯಿಂದ ಫೋನ್ ಮಾಡಿದ್ರೆ ಎತ್ತೋದೇ ಇಲ್ಲ. ರಿಂಗ್ ನಿಂತ ಅರ್ಧ ನಿಮಿಷಕ್ಕೆ ‘ಹೇಳವ್ವ, ಏನು?’ ಅಂತ ವಾಟ್ಸಾಪಲ್ಲಿ ಮೆಸೇಜ್ ಬರುತ್ತೆ. ಫೋನ್ ಕೈಲೇ ಇರುತ್ತಲ್ವಾ? ಎತ್ತಿ ಮಾತಾಡೋಕೆ ಏನು ಕಷ್ಟ? ಈಗಿನವರು ಯಾಕೆ ಹೀಗೆ?"

ಉತ್ತರ: ಮದ್ದೂರು, ಪಾಂಡವಪುರ, ನಾಗಮಂಗಲದ ಕಡೆಯಿಂದ ಮಕ್ಕಳನ್ನು ಓದಿಗೋ ಕೆಲಸಕ್ಕೋ ಮೈಸೂರಿಗೆ, ಬೆಂಗಳೂರಿಗೆ ಕಳಿಸಿರುವ ಎಷ್ಟೋ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ. ಕೇಳುವಾಗ ಮನಸ್ಸಲ್ಲಿ ಬೇಜಾರೂ ಇರುತ್ತೆ. ಹಾಗಾಗಿ ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ರಿಂಗ್ ನಿಂತ ಅರ್ಧ ನಿಮಿಷಕ್ಕೆ ಉತ್ತರ ಬರುತ್ತಿದೆ ಅಂದರೆ ಅವಳಿಗೆ ನೀವು ಬೇಕು. ಬೇಡದವರಿಗೆ ಯಾರೂ ಅಷ್ಟು ಬೇಗ ಉತ್ತರ ಕೊಡುವುದಿಲ್ಲ. ಕರೆ ಎತ್ತಿದರೆ ಕೈಲಿದ್ದದ್ದನ್ನೆಲ್ಲ ಬಿಟ್ಟು ಆಗಲೇ ಮಾತಿಗೆ ಸಿದ್ಧವಾಗಬೇಕಲ್ಲ, ಅವಳಿಗೆ ಕಷ್ಟವಾಗುವುದು ಅದು.

ಕರೆಯ ಸಮಯವನ್ನು ಗೊತ್ತು ಮಾಡುವವರು ಕರೆ ಮಾಡುವವರೇ. ನೀವು ಕೆಲಸ ಮುಗಿಸಿ, ಕೈಕಾಲು ತೊಳೆದು, ಜಗಲಿ ಮೇಲೆ ಕೂತು ಫೋನ್ ಮಾಡುತ್ತೀರಿ. ನಿಮಗೆ ಅದು ಬಿಡುವಿನ ಹೊತ್ತು. ಅವಳು ಆಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದೋ ಆಫೀಸಿನಲ್ಲಿ, ನಡುವೆ ಗೋಡೆಯೇ ಇಲ್ಲದ ಹಾಲ್‌ನಲ್ಲಿ ಕೂತಿರಬಹುದು. ಅಥವಾ ಸಿಟಿ ಬಸ್‌ನಲ್ಲಿ ಒಂದು ಕೈಲಿ ಕಂಬಿ ಹಿಡಿದು ನಿಂತಿರಬಹುದು. ಪಿಜಿಯಲ್ಲಿದ್ದರಂತೂ ಒಂದು ರೂಮಿಗೆ ಮೂವರು. ಸಂಬಳ ಬಂತಾ, ಆ ಹುಡುಗನ ಜಾತಕ ನೋಡೋದಾ, ಅಪ್ಪನ ಸಕ್ಕರೆ ಕಾಯಿಲೆ ಎಷ್ಟಿದೆ, ಇದನ್ನೆಲ್ಲ ಬೇರೆ ಇಬ್ಬರ ಎದುರಿಗೆ ಜೋರಾಗಿ ಮಾತಾಡುವುದು ಹೇಗೆ? ಮೆಸೇಜ್ ಆದರೆ ಯಾರಿಗೂ ಕೇಳಿಸದು. ಗುಂಪಿನ ನಡುವೆ ನಿಂತೂ ಮನೆ ವಿಷಯ ಮಾತಾಡಬಹುದು. ಇದು ಸಣ್ಣ ಅನುಕೂಲ ಅಲ್ಲ. ಹಿಂದೆ ಫೋನ್ ಇದ್ದದ್ದು ಹಾಲ್‌ನಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ, ಇಲ್ಲವೇ ಎಸ್‌ಟಿಡಿ ಬೂತ್‌ನಲ್ಲಿ. ನಾಲ್ಕು ಜನರ ಎದುರಿಗೇ ಮಾತಾಡಿ ನಿಮಗೆ ಅಭ್ಯಾಸ. ಅವಳಿಗೆ ಆ ಅಭ್ಯಾಸ ಇಲ್ಲ.

ಇನ್ನೊಂದು ವಿಷಯವಿದೆ. ಇದನ್ನು ಮಕ್ಕಳು ನಿಮಗೆ ಬಾಯಿಬಿಟ್ಟು ಹೇಳುವುದಿಲ್ಲ. ಕರೆ ಶುರು ಮಾಡುವುದಕ್ಕಿಂತ ಮುಗಿಸುವುದು ಕಷ್ಟ. ನಮ್ಮ ಕಡೆ ಫೋನ್ ಮಾತು ಹೇಗೆ ನಡೆಯುತ್ತೆ ನೋಡಿ. ಉಂಡ್ಯಾ, ಏನು ಸಾರು, ಮಳೆ ಬಂತಾ, ಕೆಆರ್‌ಎಸ್ ಎಷ್ಟಾಯ್ತು, ಕಬ್ಬು ಕಟಾವಿಗೆ ಆಳು ಸಿಗ್ತಿಲ್ಲ, ಇಷ್ಟೆಲ್ಲ ಆದ ಮೇಲೆ ವಿಷಯ. ವಿಷಯ ಮುಗಿದ ಮೇಲೆ "ಸರಿ ಇಡ್ಲಾ?" ಅಂತ ಅವಳು ಅಂದರೆ "ತಡಿ, ನಿಮ್ಮಪ್ಪನ ಕೈಗೆ ಕೊಡ್ತೀನಿ" ಅಂತ ನೀವು ಅನ್ನುತ್ತೀರಿ. ಅಪ್ಪ ಆದ ಮೇಲೆ ಅಜ್ಜಿ. ಅಲ್ಲಿ ದೊಡ್ಡಮ್ಮ ಕೂತಿದ್ದರೆ ದೊಡ್ಡಮ್ಮನೂ. ನನಗೆ ಈ ಮಾತು ತುಂಬಾ ಇಷ್ಟ, ಇದರಲ್ಲಿ ಇರುವುದೆಲ್ಲ ಪ್ರೀತಿ. ಆದರೆ ಎರಡು ನಿಮಿಷದ ಬಿಡುವು ಇರುವವಳು ಇದನ್ನು ನೆನೆಸಿಕೊಂಡೇ ಕರೆ ಎತ್ತಲು ಹಿಂಜರಿಯುತ್ತಾಳೆ. ಇಬ್ಬರೂ ಒಪ್ಪಿದರೆ ಮಾತ್ರ ಕರೆ ಮುಗಿಯುವುದು. ನಡುವೆ ಇಟ್ಟುಬಿಟ್ಟರೆ ಮುಖಕ್ಕೆ ಹೊಡೆದ ಹಾಗೆ. ಮೆಸೇಜ್‌ಗೆ ಆ ತೊಂದರೆಯೇ ಇಲ್ಲ, ಅರ್ಧಕ್ಕೆ ಬಿಟ್ಟು ಸಂಜೆ ಮುಂದುವರಿಸಬಹುದು.

ಮಾತಿನ ವೇಗವೂ ಒಂದು ಕಾರಣ. ಹತ್ತು ಭಾಷೆಗಳಲ್ಲಿ ಜನ ಮಾತಾಡುವುದನ್ನು ಹೋಲಿಸಿ ನೋಡಿದ ಒಂದು ಅಧ್ಯಯನ 2009ರಲ್ಲಿ ಬಂತು. ಒಬ್ಬರು ಪ್ರಶ್ನೆ ಕೇಳಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡುವುದಕ್ಕೆ ಸರಾಸರಿ ತೆಗೆದುಕೊಳ್ಳುವುದು ಒಂದು ಸೆಕೆಂಡಿನ ಐದನೇ ಒಂದು ಭಾಗ, ಅಷ್ಟೇ. ಅದಕ್ಕಿಂತ ಸ್ವಲ್ಪ ತಡವಾದರೂ ಎದುರಿನವರಿಗೆ ಏನೋ ಇದೆ ಅನ್ನಿಸುತ್ತೆ. "ಯಾಕೆ ಸುಮ್ನಾದೆ?" ಅಂತ ನೀವೂ ಕೇಳುತ್ತೀರಿ ಅಲ್ವಾ? ಎದುರಿಗೆ ಕೂತಿದ್ದರೆ ಅವಳು ಯೋಚನೆ ಮಾಡುತ್ತಿರುವುದು ಮುಖದಲ್ಲಿ ಕಾಣುತ್ತೆ. ಫೋನಿನಲ್ಲಿ ಮುಖ ಕಾಣಲ್ಲ, ಬರೀ ಮೌನ ಕೇಳಿಸುತ್ತೆ. "ಮುಂದಿನ ತಿಂಗಳು ಹುಡುಗನ ಕಡೆಯವರು ಬರಬಹುದಾ?" ಅನ್ನುವಂಥ ಪ್ರಶ್ನೆಗೆ ಅಷ್ಟು ಬೇಗ ಉತ್ತರ ಕೊಡಲು ಯಾರಿಂದ ಆಗುತ್ತೆ? ಮೆಸೇಜ್‌ನಲ್ಲಾದರೆ ಬರೆದು, ಅಳಿಸಿ, ಮತ್ತೆ ಬರೆದು ಕಳಿಸಬಹುದು.

ದುಡ್ಡು ಉಳಿಸೋಕೆ ಮೆಸೇಜ್ ಹಾಕ್ತಾರೆ ಅಂತ ಕೆಲವರು ಅಂದುಕೊಂಡಿದ್ದಾರೆ. ಒಂದು ಕಾಲಕ್ಕೆ ಅದು ನಿಜವಾಗಿತ್ತು. ನಮ್ಮ ದೇಶದಲ್ಲಿ ಮೊಬೈಲ್ ಕರೆ ಶುರುವಾದದ್ದು 1995ರ ಜುಲೈ 31ಕ್ಕೆ. ಆಮೇಲೆ ಎಷ್ಟೋ ವರ್ಷ ಬಂದ ಕರೆಗೂ ನಾವೇ ದುಡ್ಡು ಕೊಡಬೇಕಿತ್ತು, ಅದು ನಿಂತದ್ದು 2003ರಲ್ಲಿ. ಮಿಸ್ಡ್ ಕಾಲ್ ಕೊಡುವ ರೂಢಿಗೂ ಎಸ್‌ಎಂಎಸ್ ಪ್ಯಾಕ್‌ಗೂ ಈ ಖರ್ಚೇ ಕಾರಣ. ಆದರೆ 2016ರಲ್ಲಿ ಜಿಯೋ ಬಂದ ಮೇಲೆ ಕರೆಗೆ ಲೆಕ್ಕ ಹಾಕಿ ದುಡ್ಡು ಕಟ್ಟುವುದೇ ಹೋಯಿತು. ರೀಚಾರ್ಜ್ ಮಾಡಿಸಿದರೆ ಎಷ್ಟು ಬೇಕಾದರೂ ಮಾತಾಡಬಹುದು. ಆದರೂ ಮೆಸೇಜ್ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ದುಡ್ಡೊಂದೇ ಕಾರಣವಾಗಿದ್ದರೆ ಅವತ್ತೇ ಎಲ್ಲರೂ ಕರೆಗೆ ವಾಪಸ್ ಬರಬೇಕಿತ್ತು.

ಇಷ್ಟು ಸಾಲದು ಅಂತ ಈಗ ರಿಂಗ್ ಅಂದರೇ ಕಿರಿಕಿರಿ. ಸಾಲ ಬೇಕಾ, ಸೈಟ್ ಬೇಕಾ, ಕೆವೈಸಿ ಮುಗಿದಿದೆ, ಪೊಲೀಸ್ ಮಾತಾಡ್ತಿದ್ದೀನಿ ಅಂತ ಬರುವ ಮೋಸದ ಕರೆಗಳು. ಗುರುತಿಲ್ಲದ ನಂಬರ್ ಎತ್ತಬೇಡಿ ಅಂತ ಮಕ್ಕಳಿಗೆ ನಾವೇ ಹೇಳಿದ್ದೇವೆ, ಹೇಳಲೇಬೇಕಿತ್ತು. ನಿಮ್ಮ ಫೋನಿನ ಚಾರ್ಜ್ ಮುಗಿದು ಪಕ್ಕದ ಮನೆಯವರ ಫೋನಿಂದ ಮಾಡಿದಾಗ ಅವಳು ಎತ್ತದಿದ್ದರೆ ತಪ್ಪು ತಿಳಿಯಬೇಡಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಡೋನಾ ರೀಡ್ ಮತ್ತು ಫ್ರೇಸರ್ ರೀಡ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊಬೈಲ್ ಬಳಸುವವರಲ್ಲಿ ಯಾರಿಗೆ ಮೆಸೇಜ್ ಇಷ್ಟ, ಯಾರಿಗೆ ಕರೆ ಇಷ್ಟ ಅಂತ ನೋಡಿದರು. ನಾಲ್ಕು ಜನರ ಜೊತೆ ಬೆರೆಯುವಾಗ ಆತಂಕ ಜಾಸ್ತಿ ಇರುವವರು ಮೆಸೇಜ್ ಕಡೆಗೆ ಒಲಿದರು. ಒಂಟಿತನ ಕಾಡುವವರು ಕರೆಯನ್ನೇ ಬಯಸಿದರು, ಮೆಸೇಜ್‌ನಲ್ಲಿ ಅವರಿಗೆ ಆಪ್ತತೆ ಕಾಣಲಿಲ್ಲ. ಇದನ್ನು ನಿಮ್ಮ ಮನೆಗೆ ಹೊಂದಿಸಿ ನೋಡಿ. ಹೊಸ ಊರು, ಹೊಸ ಕೆಲಸ, ತಪ್ಪಾದರೆ ಏನಂದುಕೊಳ್ತಾರೋ ಅನ್ನುವ ದಿಗಿಲು ಮಗಳ ಕಡೆ. ಮಕ್ಕಳು ಹೊರಟ ಮೇಲೆ ಭಣಗುಟ್ಟುವ ಮನೆ ನಿಮ್ಮ ಕಡೆ. ಅವಳಿಗೆ ಬರೆಯುವುದು ನೆಮ್ಮದಿ, ನಿಮಗೆ ದನಿ ಕೇಳುವುದು ನೆಮ್ಮದಿ. ಇಬ್ಬರೂ ಕೇಳುತ್ತಿರುವುದು ನ್ಯಾಯವಾದದ್ದನ್ನೇ. ಆದರೆ ಒಬ್ಬರು ಕೇಳುತ್ತಿರುವುದು ಇನ್ನೊಬ್ಬರಿಗೆ ಕಾಣುತ್ತಿಲ್ಲ. ಎಲ್ಲ ಹುಡುಗರೂ ಆತಂಕದವರು, ಎಲ್ಲ ಅಮ್ಮಂದಿರೂ ಒಂಟಿ ಅಂತ ಇದರ ಅರ್ಥವಲ್ಲ. ಆದರೂ ಎಷ್ಟೋ ಮನೆಗಳ ಮುನಿಸಿಗೆ ಇದೇ ಬೇರು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ.

ಇಷ್ಟು ಹೇಳಿದ ಮೇಲೆ ಮಗಳಿಗೂ ಒಂದು ಮಾತು ಹೇಳಬೇಕು. ಈ ಪುಟವನ್ನು ಅವಳಿಗೂ ಕಳಿಸಿ. ಮೆಸೇಜ್‌ನಿಂದ ಆಗದ ಕೆಲಸವನ್ನು ದನಿ ಮಾಡುತ್ತೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಹೆಣ್ಣುಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಮೊದಲು ಅವರಿಗೆ ಅಪರಿಚಿತರ ಎದುರಿಗೆ ಮಾತಾಡುವ, ಲೆಕ್ಕ ಮಾಡುವ ಒತ್ತಡ ಕೊಟ್ಟರು. ಆಮೇಲೆ ಕೆಲವರು ಅಮ್ಮನ ಜೊತೆ ಎದುರಿಗೆ ಮಾತಾಡಿದರು, ಕೆಲವರು ಫೋನಲ್ಲಿ, ಕೆಲವರು ಬರೀ ಮೆಸೇಜ್‌ನಲ್ಲಿ, ಇನ್ನು ಕೆಲವರು ಮಾತೇ ಆಡಲಿಲ್ಲ. ಅಮ್ಮನ ದನಿ ಕೇಳಿದವರಲ್ಲಿ ಒತ್ತಡದ ಹಾರ್ಮೋನು ಇಳಿಯಿತು, ಬಾಂಧವ್ಯದ ಹಾರ್ಮೋನು ಅನ್ನುವ ಆಕ್ಸಿಟೋಸಿನ್ ಏರಿತು. ಮೆಸೇಜ್‌ನಲ್ಲಿ ಮಾತಾಡಿದವರಲ್ಲಿ ಹಾಗೆ ಆಗಲಿಲ್ಲ, ಅಮ್ಮನ ಜೊತೆ ಮಾತೇ ಆಡದವರ ಹಾಗೆಯೇ ಉಳಿದರು. ಅಮ್ಮ ಬರೆದ ಮಾತಿಗೂ ಆಡಿದ ಮಾತಿಗೂ ಇಷ್ಟು ವ್ಯತ್ಯಾಸ. ಕೆಲಸದಲ್ಲಿ ಕೆಟ್ಟ ದಿನ ಕಳೆದು ಪಿಜಿಗೆ ಬಂದ ಹುಡುಗಿಗೆ ನಿಜವಾಗಿ ಬೇಕಾಗಿರುವುದು ನಿಮ್ಮ ದನಿಯೇ ಇರಬಹುದು, ಅದು ಅವಳಿಗೇ ಗೊತ್ತಿರದೆ ಇರಬಹುದು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಅನ್ನುವ ಸಂಶೋಧಕರು ಹಳೇ ಸ್ನೇಹಿತರ ಜೊತೆ ಮತ್ತೆ ಸಂಪರ್ಕ ಮಾಡಿಸಿ ನೋಡಿದಾಗಲೂ ಇದೇ ಬಗೆಯದು ಕಂಡಿತು. ಫೋನಲ್ಲಿ ಮಾತಾಡಿದರೆ ಮುಜುಗರ ಆಗುತ್ತೆ ಅಂತ ಜನ ಮೊದಲೇ ಅಂದುಕೊಂಡಿದ್ದರು. ಮಾತಾಡಿದ ಮೇಲೆ ಅಂಥ ಮುಜುಗರವೇನೂ ಆಗಲಿಲ್ಲ, ಬರೆದವರಿಗಿಂತ ಹತ್ತಿರವಾದ ಹಾಗೆ ಅನ್ನಿಸಿತು.

ಬರಹದಲ್ಲಿ ದನಿಯ ಏರಿಳಿತ ಇಲ್ಲದೆ ಆಗುವ ಜಗಳ ನಿಮಗೂ ಗೊತ್ತು. "ಆಯ್ತು" ಅಂತ ಬರೆದರೆ ಖುಷಿಯಲ್ಲಿ ಬರೆದದ್ದಾ, ಕೋಪದಲ್ಲಿ ಬರೆದದ್ದಾ? ಬರೆದವರಿಗೆ ಗೊತ್ತು, ಓದಿದವರು ಊಹಿಸಬೇಕು. ಮೇಲೆ 2014ರಿಂದ ವಾಟ್ಸಾಪ್‌ಗೆ ನೀಲಿ ಟಿಕ್ ಬೇರೆ ಬಂದಿದೆ. ಓದಿದ್ದಾಳೆ, ಉತ್ತರ ಹಾಕಿಲ್ಲ ಅನ್ನುವ ಹೊಸ ಕೊರಗು ಅದರಿಂದಲೇ.

ಕನ್ನಡದವರಿಗೆ ಇನ್ನೊಂದು ತೊಡಕು ಇತ್ತು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಆದರೆ ಒಂದು ಮೆಸೇಜ್‌ಗೆ 160 ಅಕ್ಷರ ಹಿಡಿಯುತ್ತೆ, ಕನ್ನಡ ಆದರೆ 70 ಮಾತ್ರ. ಅದರಲ್ಲೂ ಕಂಪ್ಯೂಟರ್ ಲೆಕ್ಕದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಅಲ್ಲಿ ಆರು. ಹಾಗಾಗಿ ಒಂದಿಡೀ ತಲೆಮಾರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ಕಲಿಯಿತು, ಈಗಲೂ ಹಾಗೇ ಬರೆಯುತ್ತಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಮ್ಮನಿಗೆ ಅದನ್ನು ಬಿಡಿಸಿ ಓದುವುದು ಹಿಂಸೆ. ಮಕ್ಕಳೇ, ಈಗ ಫೋನಿನಲ್ಲೇ ಕನ್ನಡ ಕೀಬೋರ್ಡ್ ಇದೆ. ಮನೆಯವರಿಗಾದರೂ ಕನ್ನಡದಲ್ಲೇ ಬರೆಯಿರಿ.

ಹಾಗಾದರೆ ಏನು ಮಾಡಬಹುದು? ನನ್ನ ಪ್ರಕಾರ ಯಾವ ವಿಷಯಕ್ಕೆ ಯಾವುದು ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು. ಅಕೌಂಟ್ ನಂಬರ್, ಮಾತ್ರೆಯ ಹೆಸರು, ಬಸ್ಸಿನ ಟೈಮು, ಇವೆಲ್ಲ ಮೆಸೇಜ್‌ಗೇ ಸರಿ. ಮಳೆಗಾಲದಲ್ಲಿ ಮಂಡ್ಯದ ಪ್ರತಿ ಗ್ರೂಪಿನಲ್ಲೂ ಕೆಆರ್‌ಎಸ್ ನೀರಿನ ಮಟ್ಟ ಓಡಾಡುತ್ತಲ್ಲ, 124.80 ಅಡಿ ಮುಟ್ಟಿತಾ ಅಂತ, ಅದಕ್ಕೆ ಯಾರೂ ಕರೆ ಮಾಡಬೇಕಿಲ್ಲ. ಅಂಕಿ ಬರಹದಲ್ಲಿದ್ದರೆ ತಪ್ಪಾಗದು. ಆದರೆ ಸಾವು, ಆಸ್ಪತ್ರೆ, ದುಡ್ಡಿನ ಜಗಳ, ಮದುವೆ ಮಾತು, ಯಾರ ಮೇಲಾದರೂ ಬಂದ ಸಿಟ್ಟು, ಇವನ್ನು ಬರೆಯಬೇಡಿ. ಕರೆ ಮಾಡಿ, ಇಲ್ಲವೇ ಎದುರಿಗೆ ಸಿಕ್ಕಾಗ ಮಾತಾಡಿ.

ಕರೆ ಮಾಡುವ ಮೊದಲು ಒಂದು ಸಾಲು ಹಾಕಿ: "ಮಾತಾಡ್ಬೇಕು ಅನ್ಸಿತು. ಎಲ್ಲ ಚೆನ್ನಾಗಿದ್ದೀವಿ. ಬಿಡುವಾದಾಗ ಮಾಡು." ಆ ನಡುವಿನ ಮಾತು ಬಿಡಬೇಡಿ. ಬರೀ "ಫೋನ್ ಮಾಡು" ಅಂತ ಬಂದರೆ, ಅದೂ ರಾತ್ರಿ ಬಂದರೆ, ದೂರದಲ್ಲಿರುವ ಮಕ್ಕಳ ಎದೆ ಝಲ್ ಅನ್ನುತ್ತೆ. ಟೈಪ್ ಮಾಡುವುದು ಕಷ್ಟವಾದರೆ ವಾಟ್ಸಾಪ್‌ನಲ್ಲಿ ಮೈಕ್ ಗುರುತು ಒತ್ತಿ ಹಿಡಿದು ಮಾತಾಡಿ ಕಳಿಸಿ. ನಿಮಗೆ ಬಿಡುವಾದ ಹೊತ್ತಿಗೆ ನೀವು ಮಾತಾಡಿರುತ್ತೀರಿ, ಅವಳಿಗೆ ಆದ ಹೊತ್ತಿಗೆ ಅವಳು ಕೇಳುತ್ತಾಳೆ, ದನಿಯೂ ತಲುಪುತ್ತೆ. ನೀವೂ ಅವಳಿಗೆ ಹೇಳಿ, ದನಿಯಲ್ಲೇ ಉತ್ತರ ಕಳಿಸು ಅಂತ. ವಾರಕ್ಕೊಂದು ದಿನ, ಭಾನುವಾರ ಸಂಜೆ ಅಂತಲೋ ಏನೋ, ಇಬ್ಬರಿಗೂ ಹೊಂದುವ ಹೊತ್ತು ಗೊತ್ತು ಮಾಡಿಕೊಂಡರೆ ಆ ದಿನದ ಕರೆಯನ್ನು ಅವಳು ತಪ್ಪಿಸುವುದು ಕಡಿಮೆ. ಆವತ್ತು ಅಪ್ಪನಿಗೂ ಕೊಡಿ, ಅಜ್ಜಿಗೂ ಕೊಡಿ.

ಅಜ್ಜಿಗೆ ಫೋನಲ್ಲಿ ಮಾತು ಸರಿಯಾಗಿ ಕೇಳಿಸಲ್ಲ ಅಂದರೆ ಕಿವಿಯದೇ ತಪ್ಪಾಗಿರಬೇಕಿಲ್ಲ. ಹಳೇ ಬಗೆಯ ಕರೆಯಲ್ಲಿ ದನಿಯ ಒಂದು ಭಾಗ ಮಾತ್ರ ದಾಟುತ್ತೆ, ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನದು (ಹರ್ಟ್ಸ್ ಅಂದರೆ ದನಿ ಎಷ್ಟು ದಪ್ಪ, ಎಷ್ಟು ಸಣ್ಣ ಅನ್ನುವ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ದನಿ ಸಣ್ಣ). ಸ, ಶ ಥರದ ಅಕ್ಷರಗಳ ಗುರುತು ಸಿಗುವ ಸಣ್ಣ ದನಿ ಹೆಚ್ಚಾಗಿ ಅದರಿಂದ ಮೇಲಿರುತ್ತೆ, ಅದು ಕತ್ತರಿಸಿಹೋಗುತ್ತೆ. ಎರಡೂ ಕಡೆ 4ಜಿ ಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ (VoLTE, ಅಂದರೆ 4ಜಿ ಮೂಲಕವೇ ಕರೆ ಹೋಗುವ ವ್ಯವಸ್ಥೆ) ಆನ್ ಮಾಡಿಸಿಕೊಳ್ಳಿ, ಇಲ್ಲವೇ ವಾಟ್ಸಾಪ್ ಕರೆ ಮಾಡಿ. ಸಿಗ್ನಲ್ ಚೆನ್ನಾಗಿದ್ದರೆ ಮಾತು ಎಷ್ಟೋ ಸ್ಪಷ್ಟವಾಗಿ ಕೇಳಿಸುತ್ತೆ.