ಸ್ಟಾಲ್: ನಿಲ್ಲುವುದು ಇಂಜಿನ್ ಅಲ್ಲ

ಸಣ್ಣ ವಿಮಾನ ಇಳಿಯುವಾಗ ಬಿದ್ದ ಸುದ್ದಿ ಬಂದರೆ ಸಾಕು, ‘ಸ್ಟಾಲ್ ಆಯಿತು, ಅಂದರೆ ಇಂಜಿನ್ ಬಂದ್ ಆಯಿತು’ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಮೊನ್ನೆ ಮತ್ತೆ ಓದಿದೆ. ಇನ್ನು ಸುಮ್ನೆ ಇರಲು ಆಗುವುದಿಲ್ಲ.

ತಪ್ಪು ಹುಟ್ಟಿದ್ದು ಕಾರಿನಿಂದ. ಕ್ಲಚ್ ಗಬಕ್ಕನೆ ಬಿಟ್ಟರೆ ಕಾರು ಸ್ಟಾಲ್ ಆಗುತ್ತದೆ, ಅಲ್ಲಿ ನಿಲ್ಲುವುದು ಇಂಜಿನ್ನೇ. ಆದರೆ ಪದ ಕಾರಿಗಿಂತ ಎಷ್ಟೋ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದು ದನ, ಕುದುರೆ ನಿಲ್ಲುವ ಕೊಟ್ಟಿಗೆ. ಪುಸ್ತಕದ ಸ್ಟಾಲ್ ಕೂಡ ಅದೇ ಬೇರಿನದು. ಮುಂದೆ ಹೋಗದೆ ನಿಂತುಬಿಡುವುದು ಎಂಬ ಅರ್ಥ ಆಮೇಲೆ ಬಂತು. ಇಂಜಿನ್ ಈ ಪದದ ಸ್ವಂತ ಆಸ್ತಿಯಲ್ಲ, ಅಲ್ವಾ?

ವಿಮಾನ ಸ್ಟಾಲ್ ಆದಾಗ ನಿಂತುಹೋಗುವುದು ರೆಕ್ಕೆ ಮಾಡುವ ಕೆಲಸ. ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ ಸುಮಾರು 15 ಡಿಗ್ರಿ ದಾಟಿದರೆ, ಮೇಲ್ಭಾಗಕ್ಕೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಚದುರುತ್ತದೆ. ಎತ್ತುವ ಬಲ ಕುಸಿಯುತ್ತದೆ. ಇಂಜಿನ್ ಆಗ ಜೋರಾಗಿಯೇ ಓಡುತ್ತಿರಬಹುದು. 1896ರಲ್ಲಿ ಜರ್ಮನಿಯ ಒಟ್ಟೊ ಲಿಲಿಯೆಂತಾಲ್ ಸ್ಟಾಲ್ ಆಗಿ ಬಿದ್ದು ತೀರಿಕೊಂಡರು. ಅವರದು ಗ್ಲೈಡರ್. ಅದಕ್ಕೆ ಇಂಜಿನ್ನೇ ಇರಲಿಲ್ಲ.

ಸೆಸ್ನಾ 172 ಎಂಬ ಸಣ್ಣ ವಿಮಾನದ ಎಡ ರೆಕ್ಕೆಯ ಮುಂದಂಚಿನಲ್ಲಿ ಒಂದು ಸಣ್ಣ ತೂತಿದೆ. ಸ್ಟಾಲ್ ಹತ್ತಿರ ಬಂದಾಗ ಅದರ ಮೂಲಕ ಗಾಳಿ ಹೊರಕ್ಕೆ ಸೆಳೆಯಲ್ಪಟ್ಟು, ಒಳಗಿನ ಪೀಪಿ ಕೂಗುತ್ತದೆ. ಹಾರುವ ಮುಂಚೆ ಪೈಲಟ್ ಆ ತೂತಿಗೆ ಕರವಸ್ತ್ರ ಹಿಡಿದು, ಬಾಯಿಂದ ಗಾಳಿ ಎಳೆದು ಪರೀಕ್ಷಿಸುತ್ತಾರೆ. ಇಂಜಿನ್ ಆಫ್ ಇರುತ್ತದೆ. ಪೀಪಿ ಕೂಗುತ್ತದೆ! ಮೆತ್ತಗೆ ಇಳಿಯುವ ವಿಮಾನದಲ್ಲೂ ಚಕ್ರ ನೆಲ ಮುಟ್ಟುವ ಹೊತ್ತಿಗೆ ಅದು ಕೂಗುವುದುಂಟು. ಅಷ್ಟು ತಗ್ಗಿನಲ್ಲಿ ಅದರಿಂದ ತೊಂದರೆಯಿಲ್ಲ.

ಜೀವ ಹೋಗುವುದು ಅದಕ್ಕೆ ಮುಂಚೆ, ರನ್‌ವೇ ಕಡೆಗಿನ ಕೊನೆಯ ತಿರುವಿನಲ್ಲಿ. ವೇಗ ಆಗಲೇ ಕಡಿಮೆ. ತಿರುವು ತಡವಾಗಿ ರನ್‌ವೇ ಪಕ್ಕಕ್ಕೆ ಸರಿಯುತ್ತಿದೆ ಅನಿಸಿದಾಗ ಪೈಲಟ್ ವಿಮಾನವನ್ನು ಇನ್ನಷ್ಟು ವಾಲಿಸಿ, ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ರಡ್ಡರ್ ಅನ್ನು ಕಾಲಿನಿಂದ ಒತ್ತಿ, ಮೂತಿ ಇಳಿಯದಂತೆ ಕೈಯಲ್ಲಿರುವ ಹಿಡಿಯನ್ನು ಹಿಂದಕ್ಕೆ ಎಳೆಯುತ್ತಾರೆ. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ಆಗುವ ವೇಗ ಸುಮಾರು ಶೇ 19ರಷ್ಟು ಜಾಸ್ತಿಯಾಗುತ್ತದೆ. 60 ಡಿಗ್ರಿಗೆ ಶೇ 41. ಒಳಬದಿಯ ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಆ ಕಡೆಗೆ ಮಗುಚುತ್ತದೆ. ಪಾರಾಗಲು ಮೂತಿಯನ್ನು ಕೆಳಗೆ ಮಾಡಬೇಕು. ಅದಕ್ಕೆ ಎತ್ತರ ಬೇಕು, ಅಲ್ಲಿ ಅದು ಇರುವುದಿಲ್ಲ.

ಇಂಜಿನ್ ನಿಜಕ್ಕೂ ನಿಂತರೆ ಕಥೆಯೇ ಬೇರೆ. ರೆಕ್ಕೆ ಕೆಲಸ ಮಾಡುತ್ತಿದ್ದರೆ ವಿಮಾನ ತೇಲುತ್ತಾ ಬಂದು ಬಯಲಿನಲ್ಲಿ ಇಳಿಯಬಹುದು. ಅದನ್ನು ‘ಇಂಜಿನ್ ನಿಂತಿತು’ ಎಂದೇ ಬರೆಯಿರಿ.