ಪೈಪಿನ ಪಕ್ಕದವನೇ ತಪ್ಪಿತಸ್ಥನೇ?

ಪ್ರಶ್ನೆ: ಹತ್ತಾರು ಕಾರ್ಖಾನೆಗಳು ವಿಷ ಬಿಟ್ಟ ನದಿಯ ಹೂಳಿನಲ್ಲಿ ಯಾರ ಪಾಲು ಎಷ್ಟು ಅಂತ ಹೇಗೆ ಹೇಳ್ತಾರೆ? ಎಲ್ಲಿ ವಿಷ ಹೆಚ್ಚಿದೆಯೋ ಅಲ್ಲಿನ ಕಾರ್ಖಾನೆಯನ್ನು ಹಿಡಿದರೆ ಸಾಲದೇ?

ಸಾಲದು. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಒಂದು ನದಿಯನ್ನೇ ಹಿಡಿದು ನೋಡೋಣ.

ಅಮೆರಿಕದ ನ್ಯೂಜೆರ್ಸಿಯ ಪಸೇಯಿಕ್ ನದಿ. ಅದರ ದಡದ ನೆವಾರ್ಕ್‌ನಲ್ಲಿ ಡೈಮಂಡ್ ಆಲ್ಕಲಿ ಕಂಪನಿ 1950–60ರ ದಶಕಗಳಲ್ಲಿ ಕಳೆನಾಶಕ ತಯಾರಿಸುತ್ತಿತ್ತು. ವಿಯೆಟ್ನಾಂ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್‌ನ ಸರಕೂ ಅಲ್ಲಿ ತಯಾರಾಯಿತು. ಜೊತೆಗೆ ಹುಟ್ಟಿದ ಡಯಾಕ್ಸಿನ್ ಎಂಬ ವಿಷ ನದಿ ಸೇರಿತು. ಆದರೆ ಡಂಡೀ ಅಣೆಕಟ್ಟಿನ ಕೆಳಗಿನ ಸುಮಾರು 27 ಕಿ.ಮೀ. ಉದ್ದಕ್ಕೆ ಈ ನದಿಯಲ್ಲಿ ಸಮುದ್ರದ ಉಬ್ಬರವಿಳಿತ ಇದೆ. ದಿನಕ್ಕೆರಡು ಸಲ ನೀರು ಹಿಂದಕ್ಕೆ ನುಗ್ಗಿ ಕೆಸರನ್ನೂ ಮೇಲಕ್ಕೆ ಒಯ್ಯುತ್ತದೆ. ಹಾಗಾಗಿ ಆ ಡಯಾಕ್ಸಿನ್ ಕಾರ್ಖಾನೆಯಿಂದ ಎಷ್ಟೋ ಮೇಲೆ, ಕಳೆನಾಶಕದ ಗಂಧವೇ ಇಲ್ಲದವರ ಬಾಗಿಲಲ್ಲೂ ಸಿಗುತ್ತದೆ. ಅವರನ್ನು ಹಿಡಿಯುತ್ತೀರಾ? ಇನ್ನೊಂದು: ವಿಷ ಅಂಟುವುದು ನುಣ್ಣನೆಯ ಕೆಸರಿಗೆ, ಅದು ತಂಗುವುದು ನೀರು ನಿಧಾನವಾದಲ್ಲಿ. ಹಡಗಿಗೆಂದು ಅಗೆದು ಆಮೇಲೆ ಕೈಬಿಟ್ಟ ಕಾಲುವೆಯಲ್ಲಿ ವಿಷ ಹೆಚ್ಚಿದ್ದರೆ ಅದು ಗುಂಡಿಯ ಗುಣ, ದಡದವರ ತಪ್ಪಲ್ಲ. ದಯವಿಟ್ಟು ಇಷ್ಟು ನೆನಪಿಟ್ಟುಕೊಳ್ಳಿ.

ಪ್ರಮಾಣಕ್ಕಿಂತ ಬೆರಕೆ ಮುಖ್ಯ. ಡಯಾಕ್ಸಿನ್‌ಗಳು ಹಲವು. ನಾಲ್ಕು ಕ್ಲೋರಿನ್ ಇರುವವುಗಳಲ್ಲಿ 2,3,7,8 ಎಂಬ ಬಗೆ (ಅಂಕಿಗಳು ಕ್ಲೋರಿನ್ ಅಂಟಿದ ಸ್ಥಾನಗಳು) ಕಳೆನಾಶಕದ ಕೊಳೆಯಲ್ಲಿ ಮೇಲುಗೈ. ಕಸ ಸುಟ್ಟ ಹೊಗೆಯಿಂದ ಬಂದದ್ದರಲ್ಲಿ ಅದರ ಪಾಲು ತೀರಾ ಕಡಿಮೆ. ಅನುಪಾತ ನೋಡಿದರೆ ಮೂಲದ ಜಾಡು ಸಿಗುತ್ತದೆ. ಇನ್ನು ಕಾಲ: ಕೊಳವೆ ಇಳಿಸಿ ಹೂಳನ್ನು ಪದರ ಪದರವಾಗಿ ತೆಗೆದು ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವನ್ನು ಅಳೆಯುತ್ತಾರೆ. ಅದನ್ನು ಹೊತ್ತ ಅಣುಬಾಂಬ್ ಪರೀಕ್ಷೆಗಳ ಧೂಳು 1963ರ ಸುಮಾರಿಗೆ ಅತಿ ಹೆಚ್ಚು ಬಿದ್ದಿತ್ತು; ಸೀಸಿಯಂ ಅತಿ ಹೆಚ್ಚಿರುವ ಪದರ ಆ ಕಾಲದ್ದು. ಹೂಳು ಕದಡದೆ ಉಳಿದಿದ್ದರೆ, ಆ ಪದರಕ್ಕಿಂತ ಕೆಳಗಿನ ವಿಷಕ್ಕೆ 1975ರಲ್ಲಿ ಶುರುವಾದ ಕಾರ್ಖಾನೆಯನ್ನು ದೂರುವಂತಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಶುಚಿ ಮಾಡುವ ಖರ್ಚಿನಲ್ಲಿ ಯಾರ ಪಾಲು ಎಷ್ಟು ಎಂದು ಪ್ರಯೋಗಾಲಯ ಹೇಳುವುದಿಲ್ಲ. ಕ್ಯಾಲಿಫೋರ್ನಿಯಾದ ಆರ್ವಿನ್‌ನ ಒಂದು ಪ್ರಕರಣ (ಅದು ನದಿಯದಲ್ಲ, ನೆಲದ್ದು) ನೋಡಿ. ರೈಲ್ವೆ ಕಂಪನಿಗಳ ಜಾಗ ಒಟ್ಟು ಜಾಗದ ಶೇ. 19, ಅದನ್ನು ನೆಲ ಕೆಡಿಸಿದ ರಾಸಾಯನಿಕ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದ ಅವಧಿ ಆ ಕಂಪನಿ ಅಲ್ಲಿ ನಡೆದ ಒಟ್ಟು ಕಾಲದ ಶೇ. 45, ಮೂರು ರಾಸಾಯನಿಕಗಳಲ್ಲಿ ಎರಡು ಅವರ ಲೆಕ್ಕಕ್ಕೆ. ಮೂರನ್ನೂ ಗುಣಿಸಿದರೆ ಸುಮಾರು ಶೇ. 6. ಲೆಕ್ಕ ತಪ್ಪಿದ್ದರೆ ಇರಲಿ ಎಂದು ನ್ಯಾಯಾಧೀಶರು ಅದರ ಅರ್ಧದಷ್ಟು ಸೇರಿಸಿ ಶೇ. 9 ಮಾಡಿದರು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿತು. ಅರ್ಧವೇ ಯಾಕೆ, ಕಾಲು ಯಾಕಲ್ಲ ಎಂದು ಮಾತ್ರ ನನ್ನನ್ನು ಕೇಳಬೇಡಿ.