ವಾರ್ಡ್ ಸಿಸ್ಟರ್ ಮೇಜಿಗೆ ಅಂಟಿಕೊಂಡದ್ದು ಹೇಗೆ?

ನರ್ಸ್ ಗದರಿದರು, ಎಷ್ಟು ಕರೆದರೂ ಬರಲಿಲ್ಲ ಎಂಬ ದೂರು ಹೆಚ್ಚಾದಾಗ ಆಸ್ಪತ್ರೆಗಳು ಸೌಜನ್ಯದ ತರಬೇತಿ ಏರ್ಪಡಿಸುತ್ತವೆ. ಕರುಣೆ ಒಬ್ಬೊಬ್ಬರ ಸ್ವಭಾವಕ್ಕೆ ಬಿಟ್ಟದ್ದು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಅದೇ ನರ್ಸ್ ಒಂದು ವಾರ್ಡಿನಲ್ಲಿ ಮೃದುವಾಗಿದ್ದು ಇನ್ನೊಂದರಲ್ಲಿ ಒರಟಾಗುವುದು ಏಕೆ? ಉತ್ತರ ಹುಡುಕಲು ಮೇಲ್ವಿಚಾರಣೆಯ ಚರಿತ್ರೆಯನ್ನು ನೋಡಬೇಕು.

ತಾನಿದ್ದಾಗ ಆಗುವ ಕೆಲಸ ತಾನಿಲ್ಲದಾಗಲೂ ಆಗುವಂತೆ ಮಾಡುವುದು ಹೇಗೆ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಕೇಳಿದ್ದರು. ಅವರ ಮಾದರಿಯ ವಾರ್ಡಿನಲ್ಲಿ ಸುಮಾರು 30 ಹಾಸಿಗೆ. ವಾರ್ಡಿನ ಹೊಣೆ ಹೊತ್ತ ಹಿರಿಯ ನರ್ಸ್, ಅಂದರೆ ಸಿಸ್ಟರ್ ಕಣ್ಣಿಗೆ ಎಲ್ಲವೂ ಕಾಣಬೇಕು. ಮುಂದಿನ ನೂರು ವರ್ಷದಲ್ಲಿ ಆ ನೋಟ ಶಿಸ್ತಾಗಿ ಗಟ್ಟಿಯಾಯಿತು. ಲಂಡನ್ನಿನ ಬೋಧನಾ ಆಸ್ಪತ್ರೆಯೊಂದನ್ನು ಅಧ್ಯಯನ ಮಾಡಿದ ಮನೋವಿಶ್ಲೇಷಕಿ ಇಸಬೆಲ್ ಮೆಂಜೀಸ್ 1960ರಲ್ಲಿ ಪ್ರಕಟಿಸಿದ ವಿವರಗಳು ಇಂದಿಗೂ ಚುಚ್ಚುತ್ತವೆ. ಅಲ್ಲಿ ಕೆಲಸವನ್ನು ತುಂಡು ಮಾಡಿ ಹಂಚುತ್ತಿದ್ದರು. ರೋಗಿಯನ್ನು ಹೆಸರಿನ ಬದಲು ಹಾಸಿಗೆ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಗುರುತಿಸುತ್ತಿದ್ದರು. ನೋವು, ಸಾವುಗಳ ನಡುವೆ ಹುಟ್ಟುವ ಆತಂಕವನ್ನು ಹೇಳಿಕೊಳ್ಳಲು ಜಾಗವಿಲ್ಲದಾಗ ವ್ಯವಸ್ಥೆಯೇ ರೋಗಿಯಿಂದ ದೂರ ಸರಿಯುತ್ತದೆ ಎಂಬುದು ಅವರ ವಿಶ್ಲೇಷಣೆ.

1966ರಲ್ಲಿ ಬ್ರಿಟನ್ನಿನ ಸಾಲ್ಮನ್ ಸಮಿತಿ ನರ್ಸಿಂಗ್ ಹುದ್ದೆಗಳಿಗೆ ಆಡಳಿತದ ಮೆಟ್ಟಿಲು ಕಟ್ಟಿಕೊಟ್ಟಿತು. ವೃತ್ತಿಗೆ ಅದು ಬೇಕಿತ್ತು, ನಿಜ. ಆದರೆ ಬಡ್ತಿಯ ದಾರಿ ಹಾಸಿಗೆಯಿಂದ ದೂರ ಹೋಗುವ ದಾರಿಯೂ ಆಯಿತು. ವಾರ್ಡಿನಲ್ಲಿ ಉಳಿದ ಇನ್‌ಚಾರ್ಜ್ ಸಿಸ್ಟರ್ ಹೆಗಲಿಗೆ ಇಂಡೆಂಟ್ (ಸಾಮಗ್ರಿಯ ಬೇಡಿಕೆ ಪಟ್ಟಿ), ದಾಸ್ತಾನು, ಡ್ಯೂಟಿ ಪಟ್ಟಿ, ತಪಾಸಣೆಯ ಕಡತಗಳು ಒಂದೊಂದಾಗಿ ಏರಿದವು. ಮೇಲ್ವಿಚಾರಣೆ ಎಂದರೆ ರಿಜಿಸ್ಟರ್ ಪರಿಶೀಲನೆ ಎಂಬಂತಾಯಿತು.

ಇದರ ಫಲ ಗಂಟೆಗೊಮ್ಮೆ ಹಾಕಬೇಕಾದ ಸುತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ಹಗಲು ಗಂಟೆಗೊಮ್ಮೆ, ರಾತ್ರಿ ಎರಡು ಗಂಟೆಗೊಮ್ಮೆ ನರ್ಸ್ ಪ್ರತಿ ಹಾಸಿಗೆಯ ಬಳಿ ನಿಂತು ನಾಲ್ಕು ವಿಷಯ ವಿಚಾರಿಸಬೇಕು: ನೋವಿದೆಯೇ, ಮೂತ್ರಕ್ಕೆ ಹೋಗಬೇಕೇ, ಮಗ್ಗುಲು ಬದಲಿಸಬೇಕೇ, ನೀರು ಮತ್ತು ಕರೆಗಂಟೆ ಕೈಗೆಟುಕುತ್ತವೆಯೇ. ಇದನ್ನು ಕಾಗದದಲ್ಲಿ ಮಾತ್ರ ನೋಡುವ ವಾರ್ಡಿನಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಅಷ್ಟೂ ಗಂಟೆಗಳ ಟಿಕ್ ಒಟ್ಟಿಗೇ ಬೀಳುತ್ತದೆ: ಒಂದೇ ಪೆನ್ನು, ಒಂದೇ ಓರೆ, ಎಲ್ಲವೂ ಕರಾರುವಾಕ್ಕಾಗಿ 8, 9, 10 ಗಂಟೆಗೆ. ಅದೇ ಸಿಸ್ಟರ್ ದಿನಕ್ಕೆರಡು ಬಾರಿ ಐದಾರು ಹಾಸಿಗೆಗಳ ಬಳಿ ನಿಂತರೆ ಚಾರ್ಟ್ ಹೇಳದ್ದೆಲ್ಲ ಕಾಣುತ್ತದೆ: ಒಣಗಿದ ತುಟಿ, ಮಂಚದ ಹಿಂದೆ ನೇತಾಡುವ ಕರೆಗಂಟೆ, ಒತ್ತಡದ ಹುಣ್ಣಿನ ಮುನ್ಸೂಚನೆಯಾದ ಹಿಮ್ಮಡಿಯ ಕೆಂಪು. ನೋವಿನ ಮಾತ್ರೆ ಕೊಟ್ಟ ಸಮಯ ಬರೆದಿರುತ್ತದೆ. ಒಂದು ಗಂಟೆಯ ನಂತರ ನೋವು ಇಳಿಯಿತೇ ಎಂದು ಕೇಳಿದ ಗುರುತು ಇರುವುದಿಲ್ಲ. ಅಲ್ಲೇ ನಿಂತು, ರೋಗಿಯ ಎದುರು ಗದರದೆ, ಹೇಗೆಂದು ಮಾಡಿ ತೋರಿಸುವುದು ನಿಜವಾದ ಮೇಲ್ವಿಚಾರಣೆ. ಹತ್ತು ಜನರ ಮುಂದೆ ಬೈಸಿಕೊಂಡ ನರ್ಸ್ ಮುಂದಿನ ಹಾಸಿಗೆಯ ಬಳಿ ಆಡುವ ಮಾತು ಹೇಗಿರುತ್ತದೆ ಎಂಬುದು ವಾರ್ಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಮೇಲ್ವಿಚಾರಣೆಗೆ ಮೂರು ಕೆಲಸಗಳಿವೆ ಎಂದು 1980ರ ದಶಕದಲ್ಲಿ ಬ್ರಿಜಿಡ್ ಪ್ರಾಕ್ಟರ್ ವಿವರಿಸಿದರು: ಗುಣಮಟ್ಟ ಕಾಯುವುದು, ಕಲಿಸುವುದು, ದಣಿದವರನ್ನು ಸಂತೈಸಿ ಮತ್ತೆ ನಿಲ್ಲಿಸುವುದು. ಆಪ್ತಸಮಾಲೋಚನೆಯ ಕ್ಷೇತ್ರದಿಂದ ಬಂದ ಈ ಚೌಕಟ್ಟನ್ನು ನರ್ಸಿಂಗ್ ಎರವಲು ಪಡೆಯಿತು. ಮೊದಲೆರಡು ಹೇಗೋ ನಡೆಯುತ್ತವೆ. ಮೂರನೆಯದೇ ಮೊದಲು ಕೈಬಿಡುವುದು. ಅದಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಐದಾರು ಜನರ ಗುಂಪು, ನಾಲ್ಕರಿಂದ ಆರು ವಾರಕ್ಕೊಮ್ಮೆ, ಡ್ಯೂಟಿ ಸಮಯದಲ್ಲೇ ಒಂದು ಗಂಟೆ. ನಡೆಸುವವರು ಅದೇ ನರ್ಸ್‌ಗಳ ಕಾರ್ಯಮೌಲ್ಯಮಾಪನ ಬರೆಯುವವರಾಗಿರಬಾರದು, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಹಾಜರಾತಿ ಮತ್ತು ದಿನಾಂಕ ಬಿಟ್ಟು ಬೇರೇನೂ ದಾಖಲಾಗಬಾರದು. ವಾರ್ಡ್ ತುಂಬಿದ ದಿನ ಇದನ್ನು ರದ್ದು ಮಾಡುವುದು ವಾಡಿಕೆ. ಸಾವು ಕಂಡ ರಾತ್ರಿಯ ಮರುದಿನವೂ ಅದೇ.

ನರ್ಸ್‌ಗಳ ಸಂಖ್ಯೆಯನ್ನು ಮರೆತು ಕರುಣೆಯ ಮಾತಾಡುವುದು ನ್ಯಾಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶಸ್ತ್ರಚಿಕಿತ್ಸೆಯ ರೋಗಿಗಳ ಕುರಿತು ನಡೆದ, 2002ರಲ್ಲಿ ಪ್ರಕಟವಾದ ಲಿಂಡಾ ಐಕೆನ್ ತಂಡದ ಅಧ್ಯಯನದಲ್ಲಿ, ಪ್ರತಿ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರುವುದು ಕಂಡಿತು.

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ರೋಗಿಗಳು ಅನುಭವಿಸಿದ ನಿರ್ಲಕ್ಷ್ಯದ ಬಗ್ಗೆ ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ 290 ಶಿಫಾರಸು ಕೊಟ್ಟರು. ಅವುಗಳಲ್ಲೊಂದು: ವಾರ್ಡಿನ ಮುಖ್ಯಸ್ಥ ನರ್ಸ್ ಕಚೇರಿಗೆ ಕಟ್ಟುಬೀಳದೆ ಮೇಲ್ವಿಚಾರಣೆಗೇ ಮೀಸಲಾಗಿರಬೇಕು. ಇದು ಜಾರಿಯಾಗಿದೆಯೇ ಎಂದು ತಿಳಿಯಲು ವರದಿ ಬೇಕಿಲ್ಲ, ಡ್ಯೂಟಿ ಪಟ್ಟಿ ಸಾಕು. ಒಬ್ಬ ನರ್ಸ್ ರಜೆ ಹಾಕಿದ ದಿನ ಆಕೆಯ ರೋಗಿಗಳು ಮೊದಲು ಬರುವುದು ಇನ್‌ಚಾರ್ಜ್ ಸಿಸ್ಟರ್ ಪಾಲಿಗೆ. ಅಂದಿನ ಸುತ್ತು ಅಲ್ಲಿಗೆ ನಿಂತಿತು.